ಬ್ಯಾಟರಿ ಸೈಕಲ್ಲಿಗೆ ವಿಮೆ: ಧರ್ಮಪುರ ಹೋಬಳಿಯವರಿಗೊಂದು ಕೈಪಿಡಿ

ಸೈಕಲ್ ಮನೆಗೆ ಬಂದ ದಿನ ವಿಮೆಯ ಮಾತೆತ್ತಬೇಡಿ, ಅಪಶಕುನ. ಚಕ್ರದಡಿ ನಿಂಬೆಹಣ್ಣು ಇಡಿ. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿ. ಬ್ಯಾಟರಿಗೆ ಕುಂಕುಮ ಹಚ್ಚಿ. ಚಾರ್ಜರ್ ಚುಚ್ಚುವ ತೂತಿನೊಳಗೂ ಒಂದಿಷ್ಟು ಹೋಗಲಿ. ಕರಿದಾರದಲ್ಲಿ ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆಯಿರಿ. ಇಷ್ಟಾದರೆ ನಿಮ್ಮ ಗಾಡಿಗೆ ಮೊದಲ ರಕ್ಷಣೆ ದೊರೆತಂತೆ. ಇದಕ್ಕೆ ಕಂತಿಲ್ಲ, ನವೀಕರಣ ವರ್ಷಕ್ಕೊಮ್ಮೆ ಆಯುಧಪೂಜೆಯಂದು.

ಅಂಗಡಿಯವರು ಬಿಲ್ ಬೇಕೇ ಎಂದು ಕೇಳುತ್ತಾರೆ. ಬೇಡ ಎನ್ನಿ. ಬ್ಯಾಟರಿ ವಾಹನಕ್ಕೆ ಜಿಎಸ್‌ಟಿ ಶೇಕಡಾ 5 ಮಾತ್ರ. ಆ ಐದು ರೂಪಾಯಿ ಉಳಿಸಲು ಉಳಿದ ನೂರು ರೂಪಾಯಿಯನ್ನು ಲೆಕ್ಕವಿಲ್ಲದೆ ಕೊಡುವುದೇ ಜಾಣತನ. ಒತ್ತಾಯ ಮಾಡಿ ಬಿಲ್ ಕೊಟ್ಟರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿ, ಶರ್ಟು ಒಗೆಯಲು ಹಾಕಿ. ಫ್ರೇಮಿನ ಮೇಲೆ ಕೆತ್ತಿರುವ ನಂಬರನ್ನು ಎಲ್ಲಿಯೂ ಬರೆದಿಡಬೇಡಿ. ನಿಮ್ಮ ಸೈಕಲ್ಲನ್ನು ನೀವು ನೋಡಿದ ತಕ್ಷಣ ಗುರುತು ಹಿಡಿಯುತ್ತೀರಿ, ಮತ್ತೆ ನಂಬರೇಕೆ?

ಇನ್ನು ಈ ವಿದ್ಯೆಯ ಬುಡಕ್ಕೆ ಬನ್ನಿ. ನೀವು ಕೊಂಡದ್ದು ಸೈಕಲ್ಲೋ ಮೋಟಾರು ವಾಹನವೋ ಎಂಬುದನ್ನು ಯಾವ ಕಾರಣಕ್ಕೂ ತಿಳಿದುಕೊಳ್ಳಬೇಡಿ. ತಿಳಿಯುವುದೇನೂ ಕಷ್ಟವಿಲ್ಲ, ಅಪಾಯ ಇರುವುದೇ ಅಲ್ಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಾರೆ: ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಮೀರಬಾರದು, ಪೆಡಲಿನ ಸೈಕಲ್ಲಾದರೆ ಗಂಟೆಗೆ 25 ಕಿಲೋಮೀಟರ್ ಮುಟ್ಟುತ್ತಲೇ, ಅಥವಾ ನೀವು ತುಳಿಯುವುದನ್ನು ನಿಲ್ಲಿಸುತ್ತಲೇ, ಮೋಟಾರು ತಾನಾಗಿ ಕೈಬಿಡಬೇಕು. ಇದನ್ನೆಲ್ಲ ಪುಣೆಯ ಎಆರ್‌ಎಐಯಂಥ ಸಂಸ್ಥೆ ಪರೀಕ್ಷಿಸಿ ಒಪ್ಪಿರಬೇಕು. ಹಾಗಿದ್ದಲ್ಲಿ ಅದು ಮೋಟಾರು ವಾಹನವಲ್ಲ. ನೋಂದಣಿ, ಲೈಸೆನ್ಸು, ವಿಮೆ ಯಾವುದೂ ಕಡ್ಡಾಯವಲ್ಲ. ಒಂದು ಷರತ್ತು ತಪ್ಪಿದರೂ ಅದು ಮೋಟಾರು ವಾಹನ, ಎಲ್ಲವೂ ಕಡ್ಡಾಯ. ಆದ್ದರಿಂದ ಒಪ್ಪಿಗೆ ಪತ್ರದ ನಕಲನ್ನು ಅಂಗಡಿಯವರ ಬಳಿ ಕೇಳಬೇಡಿ. ಗೋಡೆಗೆ ಅಂಟಿಸಿದ ಪೋಸ್ಟರ್ ಓದಿಕೊಳ್ಳಿ, ಸಾಕು: ‘ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ.’

ಪೋಸ್ಟರಿನ ಕೊನೆಯ ಸಾಲನ್ನು ಬಾಯಿಪಾಠ ಮಾಡಿ. ಕಾನೂನು ಕೇಳದ ವಿಮೆಯನ್ನು ಕೊಳ್ಳುವುದು, ಸಾಲ ಕೇಳದವನ ಮನೆಗೆ ಹೋಗಿ ದುಡ್ಡು ಕೊಟ್ಟು ಬಂದಂತೆ. ವಿಮೆ ಎಂದರೆ ಅಡ್ಡ ಹಾಕಿದ ಪೊಲೀಸರಿಗೆ ತೋರಿಸುವ ಕಾಗದ. ಅಡ್ಡ ಹಾಕುವವರಿಲ್ಲದ ರಸ್ತೆಯಲ್ಲಿ ಕಾಗದದ ಕೆಲಸವೇನು? ನಮ್ಮ ಹಿರಿಯರು ಸೈಕಲ್ಲಿಗೆ ತೆರಿಗೆ ಕಟ್ಟಿ, ಬಿಲ್ಲೆ ಹಾಕಿಸಿಕೊಂಡು, ಡೈನಮೋ ಉರಿಯದ ರಾತ್ರಿ ಪೇದೆಯನ್ನು ಕಂಡೊಡನೆ ಇಳಿದು ತಳ್ಳಿಕೊಂಡು ಹೋದವರು. ಅವರೂ ಬಿದ್ದರು, ಅವರ ಸೈಕಲ್ಲುಗಳೂ ಕಳುವಾದವು. ಯಾರಾದರೂ ವಿಮೆ ಎಂದರೇ?

ಹೊಸದಕ್ಕೆ ದುಡ್ಡು ಸಾಲದಿದ್ದರೆ ನಿರಾಶರಾಗಬೇಡಿ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲೊಂದು ಕೊಟ್ಟಿಗೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಆನ್‌ಲೈನಿನಲ್ಲಿ ಮೋಟಾರು ಕಿಟ್ ತರಿಸಿ. ಎಷ್ಟು ವ್ಯಾಟು ಎಂಬ ಕಡೆ ಕೈಲಾದಷ್ಟು ದೊಡ್ಡದನ್ನು ಒತ್ತಿ. ವೆಲ್ಡಿಂಗ್ ಅಂಗಡಿಯಲ್ಲಿ ಬ್ಯಾಟರಿಗೊಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಕ್ಯಾರಿಯರಿಗೆ ಬಿಗಿಸಿ. ಬ್ರೇಕನ್ನು ಮುಟ್ಟಬೇಡಿ, ಹದಿಮೂರು ವರ್ಷದ ಹುಡುಗಿಯ ಕಾಲಿನ ವೇಗಕ್ಕೆ ಹಾಕಿದ ಬ್ರೇಕು ನಿಮಗೂ ಸಾಕು. ಇಂಥ ಗಾಡಿಯನ್ನು ಯಾವ ಸಂಸ್ಥೆಯೂ ಪರೀಕ್ಷಿಸಿಲ್ಲ, ಯಾವ ಕಂಪನಿಯೂ ತಯಾರಿಸಿಲ್ಲ. ಅದರ ಜನ್ಮದಾತ ನೀವೇ.

ಅಂಗಡಿಯ ಗಾಡಿಯಾದರೆ ಮೊದಲ ವಾರವೇ ಮೆಕ್ಯಾನಿಕ್ ಹತ್ತಿರ ಹೋಗಿ. “ಅಣ್ಣ, ಇದು ಎಳೆಯೋದೇ ಇಲ್ಲ” ಎನ್ನಿ. ಅವನು ಸೀಟಿನ ಕೆಳಗೆ ಕೈ ಹಾಕಿ ಒಂದು ವೈರು ಕಿತ್ತು, “ಈಗ ನೋಡು ಗುರು” ಎನ್ನುತ್ತಾನೆ. ಆ ಕ್ಷಣದಲ್ಲಿ ಗಾಡಿಯ ವೇಗ 25 ದಾಟಿತು, ಕಾನೂನಿನ ಕಣ್ಣಿನಲ್ಲಿ ಜಾತಿಯೂ ಕೆಟ್ಟಿತು. ಈಗ ನೀವು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನದ ಮಾಲೀಕರು. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಎನ್ನುತ್ತದೆ. ಇಲ್ಲದಿದ್ದರೆ 196ನೇ ಸೆಕ್ಷನ್ ಮೊದಲ ಸಲಕ್ಕೆ 2,000 ರೂಪಾಯಿ, ಎರಡನೇ ಸಲಕ್ಕೆ 4,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುತ್ತದೆ. ಇದನ್ನು ಓದಿ ಗಾಬರಿಯಾಗಬೇಡಿ. ಗಾಡಿಗೆ ನಂಬರೇ ಇಲ್ಲದಿರುವಾಗ ಬರೆದುಕೊಳ್ಳುವುದು ಏನನ್ನು?

ಆಮೇಲೆ ಗಾಡಿಯನ್ನು ಮಗನಿಗೆ ಕೊಡಿ. ಹೈಸ್ಕೂಲ್ ಹುಡುಗ, ದೂರದ ಹಳ್ಳಿಯಿಂದ ಬರಬೇಕು, ಬಸ್ಸಿಗೆ ಕಾದರೆ ಮೊದಲ ಪೀರಿಯಡ್ ತಪ್ಪುತ್ತದೆ. ಸೈಕಲ್ ತಾನೇ, ಹೋಗಲಿ. 2019ರ ತಿದ್ದುಪಡಿಯಲ್ಲಿ 199ಎ ಎಂಬ ಸೆಕ್ಷನ್ ಸೇರಿಸಿ, ಮೈನರ್ ಮಕ್ಕಳು ಮೋಟಾರು ವಾಹನ ಓಡಿಸಿ ಅಪರಾಧವಾದರೆ ಅಪ್ಪನಿಗೋ ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಎಂದು ಬರೆದಿದ್ದಾರೆ. ಆದರೆ ನಿಮಗೆ ಪೋಸ್ಟರ್ ಬಾಯಿಪಾಠವಿದೆ. ಠಾಣೆಯಲ್ಲಿ ಅದನ್ನೇ ಹೇಳಿ.

ಇಷ್ಟಾದ ಮೇಲೂ ಕೆಲವರಿಗೆ ವಿಮೆ ಮಾಡಿಸುವ ಹುಚ್ಚು ಹತ್ತುತ್ತದೆ. ಸಾಮಾನ್ಯವಾಗಿ ಪಕ್ಕದ ಬೀದಿಯಲ್ಲಿ ಸೈಕಲ್ ಕಳುವಾದ ಮರುದಿನ. ನಿಮಗೂ ಹತ್ತಿದ್ದರೆ ಅದಕ್ಕೊಂದು ಕ್ರಮವಿದೆ, ಹಾಗೆಯೇ ಮಾಡಿ.

ತಾಲ್ಲೂಕು ಕೇಂದ್ರ ಹಿರಿಯೂರಿಗೆ ಹೋಗಿ. ಸೈಕಲ್ಲಿನಲ್ಲೇ ಹೊರಡಿ; ಅರ್ಧ ದಾರಿಯಲ್ಲಿ ಬ್ಯಾಟರಿ ಮುಗಿದ ಮೇಲೆ ಗಾಡಿಯ ನಿಜವಾದ ತೂಕ ತಿಳಿಯುತ್ತದೆ. ವಿಮೆ ಕಟ್ಟಿಸುವ ಅಂಗಡಿಯವನು ಮೊದಲು ಕೇಳುವುದು ಕೆಎ 16ರ ಮುಂದಿನ ನಂಬರು. ಇಲ್ಲ ಎನ್ನಿ. ಆರ್‌ಸಿ? ಇಲ್ಲ. ಹಾಗಾದರೆ ಇದು ಮೋಟಾರು ವಿಮೆಗೆ ಬರುವುದಿಲ್ಲ, ಸೈಕಲ್ ವಿಮೆ ಕೇಳಿ ಎನ್ನುತ್ತಾನೆ. ಅದೂ ಉಂಟು: ಗೃಹಸ್ಥರ ಪಾಲಿಸಿ ಎಂಬ ಹಳೆಯ ಪಾಲಿಸಿಯಲ್ಲಿ ಪಾತ್ರೆ, ಒಡವೆ, ಟೀವಿಗಳ ಜೊತೆ ಪೆಡಲ್ ಸೈಕಲ್ಲಿಗೂ ಒಂದು ಭಾಗ ಇಟ್ಟಿರುತ್ತಾರೆ. ಬ್ಯಾಟರಿ ಇರುವ ಸೈಕಲ್ ಆ ‘ಪೆಡಲ್ ಸೈಕಲ್’ ಲೆಕ್ಕಕ್ಕೆ ಬರುತ್ತದೆಯೇ ಎಂದು ಅವಶ್ಯವಾಗಿ ಕೇಳಿ, ಆದರೆ ಬಾಯಿಮಾತಿನಲ್ಲಿ ಮಾತ್ರ. ಏಜೆಂಟ್ “ಬರುತ್ತೆ ಬಿಡಿ ಸಾರ್, ಏನಾಗಲ್ಲ” ಎಂದರೆ ಅಲ್ಲಿಗೇ ನಿಲ್ಲಿಸಿ. ಬರೆದುಕೊಡಿ ಎಂದು ಕೇಳಿ ಒಬ್ಬ ಸಜ್ಜನನ ಮನಸ್ಸು ನೋಯಿಸಬೇಡಿ. ಮೋಟಾರಿನ ಶಕ್ತಿ ಎಷ್ಟು, ಬ್ಯಾಟರಿ ಬೆಲೆ ಎಷ್ಟು ಎಂಬುದನ್ನು ಅರ್ಜಿಯಲ್ಲಿ ನಮೂದಿಸಬೇಡಿ. ‘ಸೈಕಲ್ – 1’ ಎಂದಷ್ಟೇ ಬರೆಯಿರಿ.

ಮನೆ ವಿಮೆಯೊಳಗೇ ಸೈಕಲ್ ಸೇರಿಹೋಗುತ್ತದೆ ಎಂದು ನಂಬುವ ದಾರಿಯೂ ಇದೆ, ಸುಲಭ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಎಲ್ಲ ಕಂಪನಿಗಳೂ ಮಾರಬೇಕಾಗಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಯವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿ ರಕ್ಷಣೆ. ಇಲ್ಲಿಗೆ ಓದುವುದನ್ನು ನಿಲ್ಲಿಸಿ. ಮುಂದೆ ಹೋದರೆ, ಪಾಲಿಸಿಯಲ್ಲಿ ಬೇರೆಯಾಗಿ ಹೇಳಿರದ ಹೊರತು ವಾಹನಗಳು ಇದರಲ್ಲಿ ಸೇರುವುದಿಲ್ಲ ಎಂಬ ಸಾಲು ಸಿಗುತ್ತದೆ. ಇನ್ನೂ ಮುಂದೆ ಹೋದರೆ, ಶಾರ್ಟ್ ಸರ್ಕ್ಯೂಟಿನಿಂದಲೋ ತಾನಾಗಿ ಕಾದೋ ಕೆಟ್ಟ ವಿದ್ಯುತ್ ಉಪಕರಣಕ್ಕೆ ಪರಿಹಾರವಿಲ್ಲ, ಅದರ ಬೆಂಕಿ ಬೇರೆ ಸಾಮಾನಿಗೆ ಹಬ್ಬಿದರೆ ಆ ಸಾಮಾನಿಗೆ ಉಂಟು ಎಂದು ಬರುತ್ತದೆ. ಅಂದರೆ ರಾತ್ರಿ ಚಾರ್ಜಿಗೆ ಹಾಕಿದ ಬ್ಯಾಟರಿ ಹೊತ್ತಿಕೊಂಡರೆ ಮಂಚಕ್ಕೆ ದುಡ್ಡು ಬರಬಹುದು, ಹೊತ್ತಿಸಿದ ಬ್ಯಾಟರಿಗೆ ಬರುವುದಿಲ್ಲ. ಆದ್ದರಿಂದ ಚಾರ್ಜ್ ಮಾಡುವಾಗ ಬ್ಯಾಟರಿಯನ್ನು ಮಂಚದ ಕೆಳಗೇ ಇಡಿ. ಹಳೇ ಎಕ್ಸ್‌ಟೆನ್ಷನ್ ವೈರಿಗೆ ಟೇಪು ಸುತ್ತಿ, ಪಂಪ್‌ಸೆಟ್ಟಿಗೆ ಮೂರು ಫೇಸ್ ಕೊಡುವ ಹೊತ್ತು ನೋಡಿ ಚುಚ್ಚಿ, ಮಲಗಿ.

ನೀರಿನ ಹಾನಿಗೆ ರಕ್ಷಣೆ ಬೇಕೇ ಎಂದು ಕೇಳಿದರೆ ನಕ್ಕುಬಿಡಿ. ಬರಕ್ಕೆ ಹೆಸರಾದ ಹೋಬಳಿಯಲ್ಲಿ ಸೈಕಲ್ ಮುಳುಗುವಷ್ಟು ನೀರು ಎಲ್ಲಿಂದ ಬರಬೇಕು? ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಈ ಲೆಕ್ಕದಲ್ಲಿ ಮುಂದಿನ ಸರದಿ 2111ಕ್ಕೆ. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಅದು ಮುಂಗಡ ಎನ್ನಿ.

ನಿಜ ಹೇಳಬೇಕೆಂದರೆ ವಿಮೆಯ ವಿಷಯದಲ್ಲಿ ನಮ್ಮ ಕಡೆಯ ಶೇಂಗಾ ಬೆಳೆಗಾರರಿಗೆ ಪಾಠ ಹೇಳುವಷ್ಟು ಯೋಗ್ಯತೆ ಯಾರಿಗೂ ಇಲ್ಲ. 2016ರಿಂದ ಫಸಲ್ ಬಿಮಾಕ್ಕೆ ಮುಂಗಾರಿಗೆ ಶೇಕಡಾ 2 ಕಟ್ಟುತ್ತ ಬಂದವರು. ಅಲ್ಲಿನ ನಿಯಮ ಬಹಳ ಸೊಗಸು: ನಿಮ್ಮ ಹೊಲ ಒಣಗಿತೇ ಎಂಬುದು ಮುಖ್ಯವಲ್ಲ, ನಿಮ್ಮ ಪಂಚಾಯ್ತಿಯಲ್ಲೋ ಹೋಬಳಿಯಲ್ಲೋ ಆರಿಸಿದ ಕೆಲವು ತಾಕುಗಳಲ್ಲಿ ಕೊಯ್ದು ತೂಗಿದಾಗ ಸರಾಸರಿ ಎಷ್ಟು ಬಂತು ಎಂಬುದು ಮುಖ್ಯ. ಆ ತಾಕಿನಲ್ಲಿ ಮಳೆ ಬಿದ್ದಿದ್ದರೆ ನಿಮ್ಮ ಒಣಗಿದ ಗಿಡ ಕಾಗದದ ಮೇಲೆ ಹಸಿರು. ಈ ಶಾಲೆಯಲ್ಲಿ ಪಳಗಿದವರು ಸೈಕಲ್ ವಿಮೆಗೂ ಅದೇ ನಿರೀಕ್ಷೆ ಇಟ್ಟುಕೊಳ್ಳಿ. ಹೋಬಳಿಯಲ್ಲಿ ಸರಾಸರಿ ಅರ್ಧಕ್ಕರ್ಧ ಸೈಕಲ್ ಕಳುವಾಗುವವರೆಗೆ ನಿಮ್ಮದು ಕಳುವಾಗಿಲ್ಲ ಎಂದು ತಿಳಿದುಕೊಂಡರೆ ಮನಸ್ಸಿಗೆ ನೆಮ್ಮದಿ.

ಕೆಲವರು ದೊಡ್ಡ ಬ್ಯಾಟರಿ ಸ್ಕೂಟರ್ ಕೊಂಡು ನೋಂದಣಿ ಮಾಡಿಸಿ, ಪೂರ್ತಿ ಕಾಗದ ಇಟ್ಟುಕೊಂಡಿರುತ್ತಾರೆ. ಅಂಥವರ ಸಹವಾಸ ಬೇಡ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 3 ಕಿಲೋವ್ಯಾಟ್ ಒಳಗಿನ ಬ್ಯಾಟರಿ ದ್ವಿಚಕ್ರಕ್ಕೆ ವರ್ಷದ ಥರ್ಡ್ ಪಾರ್ಟಿ ಕಂತು 457 ರೂಪಾಯಿ. ಹೊಸ ಗಾಡಿಗೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು, 2,466 ರೂಪಾಯಿ. ನೀವೂ ಆ ದಾರಿ ಹಿಡಿದಿದ್ದರೆ ಒಂದು ಕಿವಿಮಾತು: ಥರ್ಡ್ ಪಾರ್ಟಿ ಎಂದರೆ ನಿಮಗೂ ಸೇರಿ ಎಂದೇ ತಿಳಿಯಿರಿ. ನೀವು ಗುದ್ದಿದವರ ಕೈಕಾಲಿಗೆ, ಸೊತ್ತಿಗೆ ಮಾತ್ರ ಅದು, ನಿಮ್ಮ ಗಾಡಿಗಲ್ಲ ಎಂಬುದು ಗಾಡಿ ಕಳುವಾದ ಮೇಲೆ ತಿಳಿದರೆ ಸಾಕು. ಸ್ವಂತ ಹಾನಿಯ ಪಾಲಿಸಿಯನ್ನೂ ತೆಗೆದುಕೊಂಡಿದ್ದರೆ, ಬ್ಯಾಟರಿ ಬದಲಿಸುವಾಗ ಸವಕಳಿ ಎಂದು ಅರ್ಧ ಬೆಲೆ ಕಳೆಯುತ್ತಾರೆ ಎಂಬುದನ್ನೂ, ಬ್ಯಾಟರಿ ತಾನಾಗಿ ಸತ್ತರೆ ಆ ಅರ್ಧವೂ ಇಲ್ಲ ಎಂಬುದನ್ನೂ ಮರೆತುಬಿಡಿ. ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ ಕೊಡುತ್ತೇನೆ ಎಂದರೆ, “ಮುಂದಿನ ವರ್ಷ ನೋಡೋಣ ಸಾರ್” ಎನ್ನಿ. ಬಿಡುವಿದ್ದರೆ ಹೊಗೆ ಸರ್ಟಿಫಿಕೇಟನ್ನೂ ಕೇಳಿ. ಹೊಗೆಯೇ ಇಲ್ಲದ ಗಾಡಿಗೆ ಅದು ಬೇಡ ಎಂದು ಅವರು ಹೇಳುವಾಗ, ಇವರೇನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ನಿಮ್ಮ ಮುಖದಲ್ಲಿ ಕಾಣಲಿ.

ಇಲ್ಲಿ ಎಚ್ಚರಿಕೆಯ ಮಾತೊಂದು. ಸದ್ದಿಲ್ಲದೆ ಕೆಲಸ ಮಾಡುವ ಒಂದು ವಿಮೆ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಕುಳಿತಿರಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ, 2015ರಲ್ಲಿ ಬಂದದ್ದು. 12 ರೂಪಾಯಿ ಇದ್ದ ಕಂತು 2022ರಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನವರು ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಬಿದ್ದದ್ದು ಬ್ಯಾಟರಿ ಸೈಕಲ್ಲಿನಿಂದಲೋ ಹುಣಸೆಮರದಿಂದಲೋ ಎಂದು ಅದು ಭೇದ ಮಾಡುವುದಿಲ್ಲ. ಇಂಥದ್ದನ್ನು ಹಾಗೆಯೇ ಬಿಟ್ಟರೆ ಮೇಲಿನ ಪಾಠವೆಲ್ಲ ನೀರುಪಾಲು. ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಜೂನ್ ಒಂದರಿಂದ ಶುರುವಾಗುವ ವರ್ಷಕ್ಕೆ, ಬ್ಯಾಂಕಿನವರು ಆ ಇಪ್ಪತ್ತು ರೂಪಾಯಿ ಮುರಿದುಕೊಳ್ಳುತ್ತಾರೆ. ಆ ವಾರ ಖಾತೆಯನ್ನು ಗುಡಿಸಿಬಿಡಿ. ಬಿತ್ತನೆ ಬೀಜಕ್ಕೆ ಹೇಗೂ ದುಡ್ಡು ಬೇಕಾಗಿರುತ್ತದೆ, ಕಷ್ಟವಾಗದು. ಹಾಗೂ ಕಡಿತವಾಗಿದ್ದರೆ ಹೆಂಡತಿಗೆ ಹೇಳಬೇಡಿ. ನಾಮಿನಿಯ ಜಾಗದಲ್ಲಿ ತೀರಿಹೋದ ತಂದೆಯ ಹೆಸರೇ ಇರಲಿ.

ಈಗ ಕಳ್ಳತನ. ಸಂತೆ ದಿನ ಸೈಕಲ್ಲನ್ನು ಮರಕ್ಕೆ ಒರಗಿಸಿ, ಬೀಗವನ್ನು ಹ್ಯಾಂಡಲ್ಲಿಗೆ ನೇತುಹಾಕಿ ಹೋಗಿ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಕಳಚಿ ಒಯ್ಯುವಂತೆಯೇ ಮಾಡಿಟ್ಟಿರುವ ಅದನ್ನು ನೀವು ಕಳಚಬೇಡಿ. ವಾಪಸು ಬಂದಾಗ ಗಾಡಿ ಇಲ್ಲದಿದ್ದರೆ ಠಾಣೆಗೆ ಓಡಬೇಡಿ. ಮೊದಲು ದೇವರ ಬಳಿ ಪ್ರಶ್ನೆ ಕೇಳಿಸಿ. ಗಾಡಿ ಪೂರ್ವ ದಿಕ್ಕಿಗೆ ಹೋಗಿದೆ ಎಂದು ಬಂದೇ ಬರುತ್ತದೆ. ಪೂರ್ವಕ್ಕೆ ಆಂಧ್ರದ ಗಡಿ. ಅಮರಾಪುರ, ಮಡಕಶಿರಾ ಕಡೆಯ ನೆಂಟರಿಗೆ ಫೋನ್ ಮಾಡಿ ಒಂದು ವಾರ ಕಾಯಿರಿ. ಕಳವು ನಮ್ಮ ಗಡಿಯೊಳಗೋ ಅವರದರೊಳಗೋ ಎಂಬ ಚರ್ಚೆಯಲ್ಲಿ ಮತ್ತೊಂದು ವಾರ ಕಳೆಯಿರಿ. 2024ರ ಜುಲೈನಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದು ನಿಮಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡಿ.

ವಿಮೆ ಕಂಪನಿಗೆ ತಿಳಿಸುವುದು ಎಲ್ಲಕ್ಕಿಂತ ಕೊನೆಗೆ. ಠಾಣೆಯಲ್ಲಿ ‘ಸಂತೆಯಲ್ಲಿ, ಮಧ್ಯಾಹ್ನ’ ಎಂದು ಬರೆಸಿದ್ದರೆ ಕಂಪನಿಯ ಅರ್ಜಿಯಲ್ಲಿ ‘ಮನೆ ಮುಂದೆ, ರಾತ್ರಿ’ ಎಂದು ಬರೆಯಿರಿ. ಎರಡರಲ್ಲೊಂದು ಅವರಿಗೆ ಒಪ್ಪಿಗೆಯಾಗಬಹುದು. ಎರಡೂ ಕೀಲಿಕೈ ಕೇಳುತ್ತಾರೆ. ಒಂದು ಕೀಲಿಕೈ ಗಾಡಿಯಲ್ಲೇ ಇತ್ತು ಎಂದು ಪ್ರಾಮಾಣಿಕವಾಗಿ ಹೇಳಿ. ಪ್ರಾಮಾಣಿಕತೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಕ್ಲೇಮು ತಿರಸ್ಕಾರವಾದ ಪತ್ರ ಬಂತೆಂದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಆ ಪತ್ರವನ್ನು ಹೋಟೆಲಿಗೆ ಒಯ್ದು, ಟೀ ಕುಡಿಯುತ್ತ, ನಾಲ್ಕು ಜನಕ್ಕೆ ಓದಿ ಹೇಳಿ. “ಇವೆಲ್ಲಾ ಹಿಂಗೇ ಕಣಪ್ಪ, ಕಟ್ಟಿಸ್ಕೊಳ್ಳೋವಾಗ ಒಂದು ಮಾತು, ಕೊಡೋವಾಗ ಒಂದು ಮಾತು” ಎಂದು ಯಾರಾದರೂ ಹೇಳುವವರೆಗೆ ಕಾಯಿರಿ. ಅದೇ ತೀರ್ಪು. ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಕಂಪನಿಗೆ ಮೊದಲು ಲಿಖಿತ ದೂರು ಕೊಟ್ಟು, ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಅಲ್ಲಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದುಡ್ಡೇ ತೆಗೆದುಕೊಳ್ಳದ ಕಚೇರಿಯಲ್ಲಿ ಕೆಲಸವಾಗುವುದುಂಟೇ? ಪತ್ರವನ್ನು ಮಡಿಚಿ, ಬಿಲ್ಲಿಗೆ ಮಾಡಿದಂತೆಯೇ ಮಾಡಿ.

ಉಳಿದದ್ದು ನೀವು ಇನ್ನೊಬ್ಬರಿಗೆ ಗುದ್ದುವ ವಿಚಾರ. ನಮ್ಮ ರಸ್ತೆಗಳಲ್ಲಿ ಇನ್ನೊಬ್ಬರು ಎಂದರೆ ಹೆಚ್ಚಾಗಿ ಕುರಿ. ಸಂಜೆ ಮಂದೆ ಮನೆಗೆ ಹೊಡೆದುಕೊಂಡು ಬರುವ ಹೊತ್ತಿಗೆ, ಸದ್ದೇ ಮಾಡದ ನಿಮ್ಮ ಗಾಡಿಯನ್ನು ಹಿಂದಿನಿಂದ ತಂದು ಮಂದೆಯ ನಡುವೆ ನುಗ್ಗಿಸಿ. ಬೆಲ್ ಮಾಡಬೇಡಿ, ಕುರಿಗಳು ಬೆದರುತ್ತವೆ. ಒಂದು ಬಿತ್ತು ಎಂದಿಟ್ಟುಕೊಳ್ಳಿ. ಓಡಬೇಡಿ, ಮಂದೆಯ ಹಿಂದೆ ಇಬ್ಬರು, ಮುಂದೆ ಒಬ್ಬ ಇರುತ್ತಾನೆ. “ಇನ್ಶೂರೆನ್ಸ್ ಐತೇನಲೇ?” ಎಂದು ಅವರು ಕೇಳುವುದಿಲ್ಲ, ಕಟ್ಟೆಗೆ ನಡಿ ಎನ್ನುತ್ತಾರೆ. ನಡೆಯಿರಿ. ಅಲ್ಲಿ ಅರ್ಜಿ ಇಲ್ಲ, ಸರ್ವೇಯರ್ ಇಲ್ಲ, ಸವಕಳಿ ಕಳೆಯುವುದಿಲ್ಲ. ಸತ್ತ ಕುರಿಯ ಹೊಟ್ಟೆಯಲ್ಲಿ ಎರಡು ಮರಿ ಇದ್ದವು ಎಂದು ಮಾತು ಶುರುವಾಗುತ್ತದೆ. ಅದು ಟಗರಾಗಿದ್ದರೂ ಎದುರಾಡಬೇಡಿ, ಮರಿಗಳ ಸಂಖ್ಯೆಯಲ್ಲಿ ಮಾತ್ರ ಚೌಕಾಸಿ ಮಾಡಿ. ಸೈಕಲ್ಲನ್ನು ಒತ್ತೆ ಇಟ್ಟು ಮನೆಗೆ ಹೋಗಿ ದುಡ್ಡು ತನ್ನಿ. ಎಣಿಸಿ ಕೊಟ್ಟ ಮೇಲೆ ಕುರಿ ನನ್ನದಾಯಿತಲ್ಲ ಎಂದು ಕೇಳಿ. ಅವರು ಆಗಲೇ ಚರ್ಮ ಸುಲಿಯಲು ಕೂತಿರುತ್ತಾರೆ. ತೊಡೆ ಭಾಗ ಕೇಳಬೇಡಿ, ಕೊಡುವುದಿಲ್ಲ. ತಲೆ, ಕಾಲು ಕೇಳಿ.